ಅಟ್ಟದಿಂದ ಇಳಿಸಿದ ಹಳೇ ಸೈನಿಕ ಕೋವಿ: ಅಸಲಿಯೇ, ಬೆಲೆಯುಳ್ಳದ್ದೇ, ನೋಡುವುದು ಹೇಗೆ

ಹಳೇ ಕೋವಿ ಕೈಗೆ ಸಿಕ್ಕ ಕೂಡಲೇ ಮಾಡಬಾರದ ಕೆಲಸ ಒಂದಿದೆ: ತಿಕ್ಕುವುದು. ಶಿರಸಿ, ಸಿದ್ದಾಪುರದ ಹೊಗೆಯಟ್ಟದಲ್ಲಿ ಕಪ್ಪುಗಟ್ಟಿದ್ದಿರಲಿ, ಕಾರವಾರ, ಅಂಕೋಲೆಯ ನಾಗಂದಿಗೆಯಲ್ಲಿ ಉಪ್ಪುಗಾಳಿ ಕುಡಿದದ್ದಿರಲಿ, ನಮ್ಮ ಕಡೆಯ ಕೋವಿಗೆ ಕಾಲಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಆಯುಧ ಪೂಜೆಯ ಹಿಂದಿನ ದಿನದ ತಯಾರಿ. ಹಿತ್ತಾಳೆಗೆ ಹುಣಸೆಹುಳಿ, ಕಬ್ಬಿಣಕ್ಕೆ ಮರಳುಕಾಗದ, ಮರಕ್ಕೆ ವಾರ್ನಿಶ್. ಕಾರ್ಖಾನೆ, ವರ್ಷ, ಪಲ್ಟನ್ ಯಾವುದು ಎಂದು ಹೇಳುವ ಮುದ್ರೆಗಳು ಉಗುರಿನ ದಪ್ಪದಷ್ಟೂ ಆಳ ಇರುವುದಿಲ್ಲ. ನಾಲ್ಕು ವರ್ಷ ಹೀಗೆ ತಿಕ್ಕಿದರೆ ಅಕ್ಷರ ಮಾಸಿ ಬರೀ ಕಬ್ಬಿಣ ಉಳಿಯುತ್ತದೆ. ಹುಳಿ ಹಿತ್ತಾಳೆಯ ಅಂಚಿನಿಂದ ಇಳಿದು ಪಕ್ಕದ ಕಬ್ಬಿಣವನ್ನೂ ತಿನ್ನುತ್ತದೆ. ಮಸಿ, ತುಕ್ಕು, ಗೀರು, ಇವೆಲ್ಲ ಮೊದಲು ಓದಬೇಕಾದ ಬರಹ. ಓದಿ ಮುಗಿಯುವ ತನಕ ಏನನ್ನೂ ಅಳಿಸಬೇಡಿ.

ಮೊದಲು: ಒಳಗೆ ಮದ್ದು ಇದೆಯೇ?

ಬಾಯಿಯಿಂದ ಮದ್ದು ತುಂಬುವ ಕೇಪಿನ (ಬಡಿದರೆ ಸಿಡಿದು ಮದ್ದು ಹೊತ್ತಿಸುವ ಪುಟ್ಟ ಲೋಹದ ಟೋಪಿ) ಕೋವಿಗಳನ್ನು ತುಂಬಿಟ್ಟೇ ಮೂಲೆಗೆ ನಿಲ್ಲಿಸಿದ್ದು ಅಪರೂಪವಲ್ಲ. ಕಾಡುಹಂದಿಗೆಂದು ತುಂಬಿದ್ದು, ಹಂದಿ ಬರಲಿಲ್ಲ, ಹಾಗೇ ಉಳಿಯಿತು. ಕರಿಮದ್ದು ಒಣಗಿದ್ದರೆ ನೂರು ವರ್ಷ ಕಳೆದರೂ ಹತ್ತಿಕೊಳ್ಳುತ್ತದೆ. ಆದ್ದರಿಂದ ಕುದುರೆ ಎನ್ನುವ, ಕೇಪಿಗೆ ಬಡಿಯುವ ಸುತ್ತಿಗೆಯನ್ನೂ ಟ್ರಿಗರನ್ನೂ ಮುಟ್ಟದೆ, ಬಾಯಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಅಡಿಕೆ ದಬ್ಬೆಯಿಂದ ಸೀಳಿದ ಸಪೂರ ಕೋಲನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಸಿ. ಕಬ್ಬಿಣದ ಸರಳು ಬೇಡ, ಕಿಡಿ ಹಾರಬಹುದು. ಮುಖವನ್ನು ಬಾಯಿಯ ನೇರಕ್ಕೆ ತರಬೇಡಿ. ಕೋಲು ತಳ ಮುಟ್ಟಿದಾಗ ಬಾಯಿಯ ಮಟ್ಟಕ್ಕೆ ಗುರುತು ಹಾಕಿ ಹೊರತೆಗೆದು, ನಳಿಗೆಯ ಹೊರಮೈಗೆ ಹಿಡಿದು ನೋಡಿ. ಕೋಲಿನ ತುದಿ ಕೇಪು ಕೂರುವ ಮೊಳೆಯ ಹತ್ತಿರದವರೆಗೆ ಬಂದರೆ ಖಾಲಿ. ಒಂದೂವರೆ, ಎರಡು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ. ಅದು ಕಣಜ ಕಟ್ಟಿದ ಮಣ್ಣಿನ ಗೂಡಾಗಿರಬಹುದು, ಮದ್ದು ಚರೆಯೂ ಆಗಿರಬಹುದು. ಮದ್ದೇ ಎಂದು ತಿಳಿದು ನಡೆಯಿರಿ. ಬಿಡಿಸುವ ಕೆಲಸ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರದ್ದು.

ತೋಟೆ (ಕಾರ್ಟ್ರಿಜ್) ಹಾಕುವ ಜಾತಿಯದಾದರೆ ಹಿಂಭಾಗ ತೆರೆದು ಕಣ್ಣಿನಿಂದ ನೋಡಬಹುದು. ತೋಟೆ ಸಿಕ್ಕಿಕೊಂಡಿದ್ದರೆ ಗಜ (ನಳಿಗೆಯೊಳಗೆ ತೂರಿಸುವ ಸರಳು) ಹಾಕಿ ಕುಟ್ಟಬೇಡಿ. ಮತ್ತೆ, ಯಾವ ಕಾರಣಕ್ಕೂ ಹೊಡೆದು ಪರೀಕ್ಷಿಸಬೇಡಿ. ಹೊರಗಿನಿಂದ ಗಟ್ಟಿ ಕಂಡ ನಳಿಗೆ ಮರದ ಅಡಿಯಲ್ಲಿ ಅರ್ಧ ದಪ್ಪಕ್ಕೆ ತುಕ್ಕು ತಿಂದಿರುವುದು ಕರಾವಳಿಯಲ್ಲಿ ಮಾಮೂಲು.

ಕಾಗದವಿಲ್ಲದ ಕೋವಿಗೆ ಬೆಲೆಯಿಲ್ಲ

1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು, ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಆ ಸಾಲಿನ ಉತ್ತರಾರ್ಧವನ್ನು ಹೆಚ್ಚಿನವರು ಓದುವುದಿಲ್ಲ: ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಬಳಕೆಗೆ ಬಾರದಂತಿರಬೇಕು. ಕುದುರೆ ಏಳುವ, ನಳಿಗೆ ತೆರವಾಗಿರುವ ಕೇಪಿನ ಕೋವಿ ಎಷ್ಟೇ ಹಳೆಯದಾದರೂ ಈ ವಿನಾಯಿತಿಯೊಳಗೆ ತಾನಾಗಿ ಬರುವುದಿಲ್ಲ. ಇನ್ನು ತ್ರೀ ನಾಟ್ ತ್ರೀ (0.303 ಇಂಚಿನ ರೈಫಲ್) ನಿಷೇಧಿತ ಬೋರು, ಅಂದರೆ ಕಾನೂನು ನಿಷೇಧಿಸಿದ ನಳಿಗೆ ಅಳತೆ. 2019ರ ತಿದ್ದುಪಡಿಯ ನಂತರ ಅಂಥದ್ದನ್ನು ಪರವಾನಗಿ ಇಲ್ಲದೆ ಇಟ್ಟುಕೊಂಡರೆ 7ರಿಂದ 14 ವರ್ಷ ಜೈಲು.

ಹಿರಿಯರು ತೀರಿಕೊಂಡ ಮೇಲೆ ಮನೆಯಲ್ಲಿ ಕೋವಿ ಸಿಕ್ಕಿದರೆ ಅದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ಕಾರವಾರಕ್ಕೆ ಹೊರಡಬೇಡಿ. ಹತ್ತಿರದ ಠಾಣೆಗೆ ಮೊದಲು ಬರವಣಿಗೆಯಲ್ಲಿ ತಿಳಿಸಿ, ಅವರು ಹೇಳಿದ ರೀತಿಯಲ್ಲಿ ಠೇವಣಿ ಇಡಿ, ರಸೀದಿ ಪಡೆಯಿರಿ. ನಂತರ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಾರಸುದಾರಿಕೆಯ ಮೇಲೆ ಅರ್ಜಿ. ವಾರಸುದಾರಿಕೆಯಿಂದ ಬಂದರೂ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ‘ವಿನಾಯಿತಿ ಸಿಗುತ್ತದೆ’ ಎಂದು ಯಾರೋ ಹೇಳಿದ ಮಾತಿಗೆ ನಳಿಗೆ ಕೊಯ್ಯುವುದು, ವೆಲ್ಡಿಂಗ್ ಮಾಡಿಸುವುದು ಬೇಡ. ಅಧಿಕಾರಿ ಲಿಖಿತವಾಗಿ ಕೇಳುವ ಮೊದಲೇ ಬೆಸುಗೆ ಹಾಕಿಸಿದರೆ ಕಾನೂನೂ ತೃಪ್ತಿಯಾಗದು, ಸಂಗ್ರಾಹಕರೂ ಮುಟ್ಟರು.

ಹಳೇ ಲೈಸೆನ್ಸ್ ಪುಸ್ತಕ ಇದ್ದರೆ ಅದು ಕೋವಿಯ ಅರ್ಧ ಜೀವ. ಅದನ್ನೂ ಕೋವಿಯಷ್ಟೇ ಅನುಮಾನದಿಂದ ನೋಡಿ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರವರೆಗೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, ಆಮೇಲೆ ಮುಂಬಯಿಗೆ ಸೇರಿತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ, 1973ರ ನವೆಂಬರ್ 1ರಿಂದ ಕರ್ನಾಟಕ. ಹೀಗಿರುವಾಗ 1948ರ ತಾರೀಖಿನ ಕಾರವಾರದ ಕಾಗದದ ತಲೆಯಲ್ಲಿ ಮೈಸೂರು ರಾಜ್ಯ ಎಂದಿದ್ದರೆ ಆ ಕಾಗದ ಆಮೇಲೆ ಹುಟ್ಟಿದ್ದು. ಪುಸ್ತಕದಲ್ಲಿ ಬರೆದ ನಂಬರು ನಳಿಗೆಯ ಮೇಲಿನದಕ್ಕೆ ಅಂಕಿ ಅಂಕಿಯಾಗಿ ತಾಳೆಯಾಗಬೇಕು.

ಅಳತೆ ಸುಳ್ಳು ಹೇಳುವುದಿಲ್ಲ

ಬೇಕಾಗುವ ಸಾಮಾನು ಕಡಿಮೆ: ದರ್ಜಿಯ ಟೇಪು, ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚು, ಅಯಸ್ಕಾಂತ, ಉಕ್ಕಿನ ಅಳತೆಪಟ್ಟಿ, ಹತ್ತಿಯ ಕೈಗವಸು. ಬೆವರಿನ ಕೈಯಲ್ಲಿ ಹಿಡಿದರೆ ಮರುದಿನವೇ ಬೆರಳಚ್ಚಿನ ಆಕಾರದಲ್ಲಿ ತುಕ್ಕು ಏಳುತ್ತದೆ.

ನಳಿಗೆಯ ಉದ್ದ, ಬಾಯಿಯ ಒಳವ್ಯಾಸ, ಗುಂಡು ತಿರುಗಲೆಂದು ಒಳಗೆ ಕೊರೆದ ತಿರುಪು ಗೆರೆಗಳ ಸಂಖ್ಯೆ, ಈ ಮೂರು ಸಿಕ್ಕಿದರೆ ಜಾತಿ ಬಹುಮಟ್ಟಿಗೆ ಗೊತ್ತಾದಂತೆ. ಈಸ್ಟ್ ಇಂಡಿಯಾ ಕಂಪನಿಯ ಚಕಮಕಿ (ಕಲ್ಲಿನ ಕಿಡಿಯಿಂದ ಹೊತ್ತುವ) ಕೋವಿ, ‘ಇಂಡಿಯಾ ಪ್ಯಾಟರ್ನ್’ ಎನ್ನುವುದು, 39 ಇಂಚಿನ ನಳಿಗೆ, ಬಾಯಿ ಸುಮಾರು 19 ಮಿ.ಮೀ., ಗೆರೆ ಇಲ್ಲ. 1853ರ ಎನ್‌ಫೀಲ್ಡ್ ಕೇಪಿನ ರೈಫಲ್ಲಿಗೂ 39 ಇಂಚೇ, ಆದರೆ ಬಾಯಿ 14.7 ಮಿ.ಮೀ., ಒಳಗೆ ಮೂರು ಗೆರೆ, ಹೊರಗೆ ನಳಿಗೆಯನ್ನು ಮರಕ್ಕೆ ಬಿಗಿಯುವ ಮೂರು ಬ್ಯಾಂಡ್. ಅದರ ಹಿಂಭಾಗ ಕತ್ತರಿಸಿ ಬಲಕ್ಕೆ ಮಗುಚುವ ಬಾಗಿಲು ಕೂರಿಸಿದ್ದು ಸ್ನೈಡರ್. ಹಾಗಾಗಿ ಸ್ನೈಡರಿನ ನಳಿಗೆ 36.5 ಇಂಚು. ಮಾರ್ಟಿನಿ ಹೆನ್ರಿಗೆ ಅಡಿಯಲ್ಲಿ ಉದ್ದನೆಯ ಲಿವರ್, ಕುದುರೆ ಹೊರಗೆ ಕಾಣುವುದಿಲ್ಲ, ನಳಿಗೆ 33 ಇಂಚಿಗೆ ತುಸು ಹೆಚ್ಚು, ಏಳು ಗೆರೆ, ಬಾಯಿ 11.4 ಮಿ.ಮೀ. ಆಸುಪಾಸು. ಮಾರ್ಟಿನಿಯ ಆಕಾರವಿದ್ದು ಬಾಯಿ 7.7 ಮಿ.ಮೀ. ಬಂದರೆ ಅದು ತ್ರೀ ನಾಟ್ ತ್ರೀಗೆ ಬದಲಾಯಿಸಿದ ಮಾರ್ಟಿನಿ ಎನ್‌ಫೀಲ್ಡ್. ಆಗ ನಿಷೇಧಿತ ಬೋರಿನ ಮಾತು ಮತ್ತೆ ಬಂತು. ಗಿಡ್ಡ ಲೀ ಎನ್‌ಫೀಲ್ಡಿಗೆ ನಳಿಗೆ 25.2 ಇಂಚು, ಎಡಕ್ಕೆ ತಿರುಗುವ ಐದು ಗೆರೆ.

ನಮ್ಮ ಕಡೆ ಸಿಗುವ ಸ್ನೈಡರುಗಳಲ್ಲಿ ಹೆಚ್ಚಿನವು ಸೈನ್ಯದಿಂದ ನೇರ ಬಂದವಲ್ಲ. ಗೆರೆಗಳನ್ನು ಕೊರೆದು ನಯಮಾಡಿ, ಮುಂಭಾಗದ ಮರ ಮೊಟಕಾಗಿಸಿ, ಚರೆ ಹೊಡೆಯುವ 24 ಬೋರಿನ ಬೇಟೆ ಕೋವಿಯಾಗಿ ಮಾರಿದಂಥವು. ಬಾಯಿಯ ಅಂಚು ತೆಳುವಾಗಿದ್ದರೆ, ಬ್ಯಾಂಡ್ ಕೂತಿದ್ದ ಜಾಗದಲ್ಲಿ ನಳಿಗೆಯ ಬಣ್ಣ ಉಂಗುರದಂತೆ ಬೇರೆಯಿದ್ದರೆ ಇದೇ. ಆದರೆ ‘ಎನ್‌ಫೀಲ್ಡ್ ನಯ ನಳಿಗೆ ಅಂದರೆ ಹಾಳುಮಾಡಿದ್ದು’ ಎಂದು ಅವಸರಪಡಬೇಡಿ. 1857ರ ದಂಗೆಯ ನಂತರ ಸರ್ಕಾರವೇ ಭಾರತೀಯ ಸಿಪಾಯಿಗಳಿಗೆ ದೂರ ಹೊಡೆಯದ ನಯ ನಳಿಗೆಯ ಕೋವಿ ಕೊಟ್ಟಿತು. ಅದರ ಒಳವ್ಯಾಸ 0.656 ಇಂಚು, ಅಂದರೆ 16.7 ಮಿ.ಮೀ. ಕ್ಯಾಲಿಪರ್ ಆ ಅಂಕಿ ತೋರಿಸಿ, ಮರ ಪೂರ್ಣ ಉದ್ದವಿದ್ದು, ಮೂರು ಬ್ಯಾಂಡೂ ಇದ್ದರೆ ಅದು ಆ ಕಾಲದ ಭಯವನ್ನೇ ಕಬ್ಬಿಣದಲ್ಲಿ ಇಟ್ಟುಕೊಂಡ ಅಸಲಿ ವಸ್ತು. ಇಂಥದ್ದನ್ನು ಗುಜರಿ ದರಕ್ಕೆ ಕೊಟ್ಟವರಿದ್ದಾರೆ ಎನ್ನುವುದು ನಿಜಕ್ಕೂ ನೋವಿನ ಸಂಗತಿ.

ಕಾಳಿ ನದಿ ದಾಟಿದರೆ ಗೋವೆ ದೂರವಿಲ್ಲ, ಆದ್ದರಿಂದ ಕಾರವಾರದಲ್ಲಿ ಇಂಗ್ಲಿಷರ ಪಟ್ಟಿಯೊಂದೇ ಸಾಲದು. ನಳಿಗೆಯ ಅಡಿಯಲ್ಲಿ ಉದ್ದಕ್ಕೂ ತೋಟೆಯ ಕೊಳವೆ, ಹಿಂಭಾಗದಲ್ಲಿ ಸ್ಟೈರ್ ಎಂಬ ಹೆಸರು ಮತ್ತು 1886 ಇದ್ದರೆ ಅದು ಪೋರ್ಚುಗೀಸರ 8 ಮಿ.ಮೀ. ಕ್ರೊಪಾಚೆಕ್. 6.5 ಮಿ.ಮೀ. ಬೋಲ್ಟ್ ರೈಫಲ್ಲಿನ ಮೇಲೆ ಕಿರೀಟದಡಿ ದೊರೆ ಕಾರ್ಲೋಸನ ಹೆಸರಿನ ಸಂಕೇತವಿದ್ದರೆ ಮೌಸರ್ ವರ್ಗೇರೊ. ‘1961ರಲ್ಲಿ ಗೋವೆ ಬಿಡುಗಡೆಯಾದಾಗ ಸಿಕ್ಕಿದ್ದು’ ಎಂಬ ಕಥೆ ಬಂದರೆ, ಕಥೆಯ ಜೊತೆ ಕಾಗದ ಕೇಳಿ. ಬರೀ ಬಾಯಿಮಾತಿಗೆ ದುಡ್ಡು ಸೇರಿಸಬೇಡಿ.

ಮುದ್ರೆ ಓದುವ ಬಗೆ

ಪರೀಕ್ಷೆಯ ತಿರುಳು ಇಲ್ಲಿದೆ, ಇದಕ್ಕೆ ಒಂದು ಇಡೀ ಬೆಳಗು ಇಡಿ. ಜಗಲಿಯ ಅಂಚಿನಲ್ಲಿ, ಓರೆ ಬಿಸಿಲಿನಲ್ಲಿ ಕೂತು ನೋಡಿದರೆ ಟಾರ್ಚಿಗಿಂತ ಚೆನ್ನಾಗಿ ಕಾಣುತ್ತದೆ. ಅಕ್ಷರಗಳಿಗೆ ಸೀಮೆಸುಣ್ಣ ತುಂಬಬೇಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ.

ಕಂಪನಿಯ ಕೋವಿಯ ಲಾಕಿನ (ಕುದುರೆ ಕೂತಿರುವ, ಹೊಡೆಯುವ ಯಂತ್ರ) ತಗಡಿನ ಮೇಲೆ 1808ಕ್ಕಿಂತ ಮೊದಲು ಅಡ್ಡಗೆರೆ ಎಳೆದು ಭಾಗ ಮಾಡಿದ ಹೃದಯದ ಚಿಹ್ನೆ, ಆಮೇಲೆ ಕಿರೀಟ ಹಿಡಿದು ನಿಂತ ಸಿಂಹ. ರಾಣಿಯ ಸೈನ್ಯದ ಎನ್‌ಫೀಲ್ಡಿನಲ್ಲಿ ಕುದುರೆಯ ಹಿಂದೆ ಕಿರೀಟ ಮತ್ತು ವಿ.ಆರ್. (ರಾಣಿ ವಿಕ್ಟೋರಿಯಾಳ ಸಂಕೇತ), ಮುಂದೆ ವರ್ಷ ಮತ್ತು ಟವರ್ ಅಥವಾ ಎನ್‌ಫೀಲ್ಡ್ ಎಂಬ ಹೆಸರು. ಮಾರ್ಟಿನಿಯಲ್ಲಿ ಇದೆಲ್ಲ ಹೊಡೆಯುವ ಯಂತ್ರ ಕೂತ ಪೆಟ್ಟಿಗೆಯ ಬಲಬದಿಯಲ್ಲಿ. ಬಾಣದ ಮೊನೆಯ ಗುರುತು ಸರ್ಕಾರದ ಸ್ವತ್ತು ಎಂಬುದಕ್ಕೆ. ಅದರಡಿ ಐ ಅಕ್ಷರವಿದ್ದರೆ ಭಾರತ ಸರ್ಕಾರದ್ದು. ಎರಡು ಬಾಣ ಮೊನೆಗೆ ಮೊನೆ ತಾಗಿಸಿ ಹೊಡೆದಿದ್ದರೆ ಸೇವೆಯಿಂದ ತೆಗೆದು ಮಾರಿದ್ದು. ಇದು ದೋಷವಲ್ಲ, ಕೋವಿ ಸಕ್ರಮವಾಗಿ ಹೊರಬಂತು ಎಂಬ ಸುಳಿವು. ಡಿ.ಪಿ. ಎಂದಿದ್ದರೆ ಕವಾಯತಿಗಷ್ಟೇ ಇಟ್ಟದ್ದು. ಟವರ್ ಎಂದಿದ್ದೂ ಬಾಣವಾಗಲಿ ವಿ.ಆರ್. ಆಗಲಿ ಇಲ್ಲದೆ, ನಳಿಗೆಯ ಮೇಲೆ ಬರ್ಮಿಂಗ್‌ಹ್ಯಾಮಿನ ಕಿರೀಟ ಮತ್ತು ಅಡ್ಡದಂಡಗಳ ಮುದ್ರೆ, ಪಕ್ಕದಲ್ಲಿ 24 ಅಥವಾ 25 ಅಂಕಿ ಇದ್ದರೆ, ಅದು ವ್ಯಾಪಾರಕ್ಕೆ ಮಾಡಿದ ಎನ್‌ಫೀಲ್ಡ್. ಹಳೆಯದು ಹೌದು, ಸೈನ್ಯದ್ದಲ್ಲ.

ಈಗ ತಾರೀಖುಗಳನ್ನು ಒಂದಕ್ಕೊಂದು ತಾಗಿಸಿ. ವಿಕ್ಟೋರಿಯಾ ಆಳಿದ್ದು 1837ರಿಂದ 1901ರ ಜನವರಿವರೆಗೆ. ವಿ.ಆರ್. ಜೊತೆ 1907 ಎಂದು ಕೆತ್ತಿದ ಮಾರ್ಟಿನಿ ಪೇಶಾವರದ ಕಡೆಯ ದರ್ರಾ ಕಮ್ಮಾರರ ನಕಲಿನ ಕುಲದ್ದು. ಅವರಲ್ಲಿ ಇಂಗ್ಲಿಷ್ ಓದು ಬಾರದೆ ಅಕ್ಷರವನ್ನು ಚಿತ್ರದಂತೆ ನೋಡಿ ಹೊಡೆದವರಿದ್ದರು. ಅದಕ್ಕೇ ಎನ್ ತಿರುಗಿ ನಿಂತಿರುತ್ತದೆ, ಎನ್‌ಫೀಲ್ಡಿನ ಕಾಗುಣಿತ ತಪ್ಪಿರುತ್ತದೆ, ಸಾಲು ವಾಲಿರುತ್ತದೆ. ಮಾರ್ಟಿನಿ ಸೇವೆಗೆ ಬಂದದ್ದು 1871ರಲ್ಲಿ, ಅದರ ಮೇಲೆ 1865 ಇರಲಾರದು. ಆದರೆ 1866ರಲ್ಲಿ ಬಂದ ಸ್ನೈಡರಿನ ಲಾಕಿನಲ್ಲಿ 1860 ಇದ್ದರೆ ಗಾಬರಿ ಬೇಡ. ಹಳೇ ಎನ್‌ಫೀಲ್ಡನ್ನೇ ಬದಲಾಯಿಸಿದ್ದು, ಲಾಕು ತನ್ನ ಹಳೇ ವರ್ಷವನ್ನು ಇಟ್ಟುಕೊಂಡಿದೆ. ತಾಳೆಯಾಗದ್ದು ಕಂಡರೆ ‘ನಕಲಿ’ ಎನ್ನುವ ಮೊದಲು ‘ಬದಲಾವಣೆಯೇ?’ ಎಂದು ಕೇಳಿಕೊಳ್ಳಿ.

ಮುದ್ರೆ ಯಾವಾಗ ಬಿತ್ತು ಎಂದು ತುಕ್ಕೇ ಹೇಳುತ್ತದೆ. ತುಕ್ಕಿನ ಗುಳಿ ಅಕ್ಷರವನ್ನು ತುಂಡರಿಸಿ ಹಾದುಹೋಗಿದ್ದರೆ ಅಕ್ಷರ ಮೊದಲು, ತುಕ್ಕು ಆಮೇಲೆ. ಅಕ್ಷರವೇ ಗುಳಿಯ ಮೇಲೆ ಕೂತಿದ್ದರೆ ಅದನ್ನು ಇತ್ತೀಚೆಗೆ ಹೊಡೆದಿದ್ದಾರೆ. ಸುತ್ತಲೂ ಕಂದು ಬಣ್ಣವಿದ್ದು ಅಕ್ಷರದ ತಳ ಮಾತ್ರ ಹೊಳೆಯುತ್ತಿದ್ದರೂ ಹಾಗೇ. ನಂಬರಿನ ಮೇಲೆ ಉಕ್ಕಿನ ಪಟ್ಟಿಯನ್ನು ಅಡ್ಡ ಇಟ್ಟು ಹಿಂದಿನಿಂದ ಬೆಳಕು ಬಿಡಿ. ಅಡಿಯಿಂದ ಬೆಳಕು ನುಸುಳಿದರೆ ಅಲ್ಲಿ ತಗ್ಗಿದೆ: ಹಳೇ ನಂಬರು ಅರೆದು ಹೊಸದು ಹೊಡೆದಿದ್ದಾರೆ. ಇದು ಬೆಲೆಯ ಪ್ರಶ್ನೆಯಲ್ಲ, ಪೊಲೀಸರ ಪ್ರಶ್ನೆ. ಅಲ್ಲಿಗೆ ವ್ಯವಹಾರ ನಿಲ್ಲಿಸಿ.

ಚಕಮಕಿ ಕೋವಿಗೆ ಸಂಗ್ರಾಹಕರಲ್ಲಿ ಕೇಪಿನದಕ್ಕಿಂತ ಹೆಚ್ಚು ಆಸೆ. ಹಾಗಾಗಿ ಕೇಪಿಗೆ ಬದಲಾಗಿದ್ದನ್ನು ಮತ್ತೆ ಚಕಮಕಿಯಾಗಿ ತಿರುಗಿಸಿ ಮಾರುವವರಿದ್ದಾರೆ. ಮದ್ದಿನ ಬಟ್ಟಲಿನ ಬಳಿ ತುಂಬಿ ಮುಚ್ಚಿದ ತೂತುಗಳು, ಕಿವಿತೂತಿನ (ಕಿಡಿ ನಳಿಗೆಯೊಳಗೆ ಹೋಗುವ ತೂತು) ಸುತ್ತ ಉಂಗುರದಂಥ ಬೆಸುಗೆ, ಹಳೇ ತಗಡಿನ ಮೇಲೆ ಚೂಪು ಅಂಚಿನ ಹೊಸ ಕುದುರೆ, ಇವನ್ನು ಹುಡುಕಿ. ಅಲಂಕಾರಕ್ಕೆ ಮಾಡಿದ ಹೊಸ ನಕಲುಗಳಲ್ಲಿ ಹಲವಕ್ಕೆ ಕಿವಿತೂತೇ ಕೊರೆದಿರುವುದಿಲ್ಲ.

ಒಂದೇ ಮನೆಯ ಭಾಗಗಳೇ?

ಲೀ ಎನ್‌ಫೀಲ್ಡಿನಲ್ಲಿ ಒಂದೇ ನಂಬರು ಹಲವು ಕಡೆ ಇರಬೇಕು: ಪೆಟ್ಟಿಗೆಯ ಮುಂಭಾಗ, ನಳಿಗೆ, ಬೋಲ್ಟ್ ಹಿಡಿಯ ಹಿಂಬದಿ, ಮೂತಿಯ ಕಬ್ಬಿಣ, ಹಿಂದಿನ ಸೈಟಿನ ಎಲೆಯ ಅಡಿ, ಮುಂಭಾಗದ ಮರದ ಅಡಿ. ಬೋಲ್ಟ್ ಬೇರೆಯದಾದರೆ ಬೆಲೆ ಹೆಚ್ಚು ಕುಸಿಯುತ್ತದೆ, ಸೈಟಿನ ಎಲೆ ಬೇರೆಯಾದರೆ ಅಷ್ಟಿಲ್ಲ. ಸ್ವಾತಂತ್ರ್ಯಕ್ಕೆ ಮೊದಲಿನ, ಬಂಗಾಳದ ಇಶಾಪುರ ಕಾರ್ಖಾನೆಯದ್ದರಲ್ಲಿ ಕಿರೀಟ ಮತ್ತು ಜಿ.ಆರ್.ಐ. ಎಂಬ ದೊರೆ ಜಾರ್ಜನ ಸಂಕೇತ ಇರುತ್ತದೆ. ಮ್ಯಾಗಜೀನಿನ ಮುಂದೆ ಮರಕ್ಕೆ ಅಡ್ಡವಾಗಿ ಹೊಡೆದ ಸ್ಕ್ರೂ ಇಶಾಪುರದ ಕೈಗುರುತು, ರಿಪೇರಿ ಎಂದು ದೂರಬೇಡಿ. ಪೊಲೀಸರಿಗೆಂದು ಅಲ್ಲೇ ಮಾಡಿದ 0.410 ನಯ ನಳಿಗೆಯ ಒಂಟಿ ತೋಟೆ ಕೋವಿಯಲ್ಲಿ ಮ್ಯಾಗಜೀನಿನ ಜಾಗಕ್ಕೆ ಮರದ ತುಂಡು ತುಂಬಿರುತ್ತದೆ. ಅದೂ ಅಸಲಿಯೇ.

ಟವರ್ ಎನ್‌ಫೀಲ್ಡಿನಲ್ಲಿ ಇಂಥ ನಂಬರು ಹುಡುಕಿ ಸಿಗಲಿಲ್ಲವೆಂದು ಬೇಸರ ಬೇಡ. ಅವು ಕೈಯಲ್ಲಿ ಹೊಂದಿಸಿದವು, ಭಾಗಗಳ ಮೇಲೆ ಗೀಟು ಅಥವಾ ರೋಮನ್ ಅಂಕಿಯಷ್ಟೇ ಸಿಗಬಹುದು. ಅಲ್ಲಿ ನೋಡಬೇಕಾದ್ದು ಕೂಡಿಕೆ. ಇದರಲ್ಲೊಂದು ಸ್ಥಳೀಯ ಕಿವಿಮಾತು: ಕೂಡಿಕೆಯನ್ನು ಫೆಬ್ರವರಿಯಿಂದ ಮೇ ಒಳಗೆ ನೋಡಿ. ಆಷಾಢದಲ್ಲಿ ಮರ ಉಬ್ಬಿ, ಬೇರೆ ಕೋವಿಯ ಲಾಕು ಕೂಡ ಬಿಗಿಯಾಗಿ ಕೂತಂತೆ ಕಾಣುತ್ತದೆ. ಬೇಸಿಗೆಯಲ್ಲಿ ಸಂದು ಬಯಲಾಗುತ್ತದೆ.

ಮರ ಅಕ್ರೋಟಿನದಾಗಿರಬೇಕು: ಮಧ್ಯಮ ಕಂದು, ನಯವಾದ ಎಳೆ. ನಮ್ಮ ಆಚಾರಿಗಳು ಮುರಿದ ಬಟ್ಟಿಗೆ (ಭುಜಕ್ಕೆ ಒತ್ತಿ ಹಿಡಿಯುವ ಹಿಂಬದಿಯ ಮರ) ಬೀಟೆ, ಸಾಗವಾನಿ, ಹೊನ್ನೆ ಹಾಕಿ ಚೆನ್ನಾಗೇ ಮಾಡಿಕೊಟ್ಟಿದ್ದಾರೆ. ಕೆಲಸ ಎಷ್ಟು ಚಂದವಿದ್ದರೂ ಸೈನಿಕ ಕೋವಿಯಾಗಿ ಅದರ ಬೆಲೆ ಇಳಿಯುತ್ತದೆ. ಗುಡಿಗಾರರ ನಾಡಿನಲ್ಲಿ ಹೀಗೆ ಹೇಳುವುದು ಕಷ್ಟ, ಆದರೂ ಬಳ್ಳಿ ಹೂವಿನ ಕೆತ್ತನೆಯಿರುವ ಬಟ್ ಪಲ್ಟನ್ನಿನದಲ್ಲ. ಬಟ್ಟಿನ ಬಲಬದಿಯಲ್ಲಿ ಹಿತ್ತಾಳೆಯ ಬಿಲ್ಲೆ ಇದ್ದರೆ ಅಥವಾ ತಳದ ಹಿತ್ತಾಳೆ ಪಟ್ಟಿಯ ಮೇಲೆ ಅಕ್ಷರಗಳಿದ್ದರೆ ಪಲ್ಟನ್ನಿನ ಗುರುತು ಸಿಗಬಹುದು. ಹಿತ್ತಾಳೆ ಹೌದೋ ಎಂದು ಅಯಸ್ಕಾಂತ ಹಿಡಿದು ನೋಡಿ, ಬಣ್ಣ ಹಚ್ಚಿದ ಕಬ್ಬಿಣ ಅಂಟಿಕೊಳ್ಳುತ್ತದೆ.

ಸ್ಕ್ರೂ ಬಿಚ್ಚದೆ ನೋಡಲಾಗುವುದನ್ನೆಲ್ಲ ಮೊದಲು ನೋಡಿ. ಬಿಚ್ಚಲೇಬೇಕಿದ್ದರೆ ಸೀಳಿಗೆ ಪೂರ್ತಿ ತುಂಬುವಂತೆ ಅರೆದ ಸ್ಕ್ರೂಡ್ರೈವರ್ ಬೇಕು. ತೆಳ್ಳನೆಯದು ಜಾರಿ ತಲೆ ಕೆಡಿಸಿದರೆ ಅದೇ ಒಂದು ಹೊಸ ಗಾಯ. ಬೇರೆ ಅಳತೆಯ ಸ್ಕ್ರೂವನ್ನು ಬಲವಂತವಾಗಿ ತಿರುಗಿಸಿದರೆ ಹಳೇ ತಿರುಪು ಹರಿಯುತ್ತದೆ.

ಬೆಲೆ ಕಟ್ಟುವಾಗ

ಅಂತರ್ಜಾಲದಲ್ಲಿ ಲಂಡನ್ನಿನ, ಅಮೆರಿಕದ ಹರಾಜಿನ ಅಂಕಿ ನೋಡಿ ರೂಪಾಯಿಗೆ ಗುಣಿಸುವುದು ದೊಡ್ಡ ತಪ್ಪು. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತು ಕಾಯ್ದೆಯಡಿ ಬರುತ್ತದೆ, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಪುರಾತನ ವಸ್ತುಗಳ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. ಕೊಳ್ಳುವವರೆಂದರೆ ಇಲ್ಲಿಯ ಪರವಾನಗಿದಾರರು, ಸಂಗ್ರಹಾಲಯಗಳು, ಕೆಲವೇ ಸಂಗ್ರಾಹಕರು. ಸಣ್ಣ ಸಂತೆ, ಹಾಗಾಗಿ ಅವಸರದಲ್ಲಿ ಮಾರಿದವರು ಸೋಲುತ್ತಾರೆ.

ಅಳೆಯುವ ಕ್ರಮ ಹೀಗಿರಲಿ. ಕಾಗದ ಸರಿಯಿದೆಯೇ? ಇಲ್ಲವಾದರೆ ಮುಂದಿನ ಪ್ರಶ್ನೆಯೇ ಬೇಡ. ಮೂಲ ಉದ್ದ, ಮೂಲ ಮರ ಇದೆಯೇ? ಕತ್ತರಿಸಿದ ನಳಿಗೆಯನ್ನು ಮತ್ತೆ ಬೆಳೆಸಲಾಗದು, ಅದಕ್ಕೇ ಮೊಟಕಾದದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಕಡಿತ. ಆಮೇಲೆ ಮುದ್ರೆಗಳ ಸ್ಪಷ್ಟತೆ. ಅದರ ನಂತರ ಮೈಬಣ್ಣ: ಹಳೇ ಕಂದು ಬಣ್ಣ ಸಮವಾಗಿ, ನುಣುಪಾಗಿ ಇದ್ದು ಬ್ಯಾಂಡಿನ ಅಡಿಯಲ್ಲಿ ಗಾಢವಾಗಿದ್ದರೆ ಒಳ್ಳೆಯದು. ಆಸಿಡ್ಡಿನಿಂದ ಬರಿಸಿದ ‘ಹಳೆತನ’ ಎಲ್ಲ ಕಡೆ ಒಂದೇ ಕಿತ್ತಳೆ ಬಣ್ಣಕ್ಕಿದ್ದು, ಕೈ ಸದಾ ತಾಗುವ ಜಾಗದಲ್ಲೂ ಒರಟಾಗಿರುತ್ತದೆ. ಹೊಳೆಯುವಂತೆ ಪಾಲಿಶ್ ಮಾಡಿದ್ದಕ್ಕಿಂತ ಮಸಿ ಹಿಡಿದು ಪೂರ್ಣವಿರುವುದಕ್ಕೆ ನಾವು ಹೆಚ್ಚು ಕೊಡುತ್ತೇವೆ. ಗಜ, ಬೆಲ್ಟಿನ ಬಳೆ, ಕೇಪಿನ ಮೊಳೆಯ ಮುಚ್ಚಳದಂಥ ಚಿಕ್ಕ ವಸ್ತು ಇಲ್ಲದಿದ್ದರೆ ಸ್ವಲ್ಪ ಕಡಿಮೆ. ಲಾಕು ಇಲ್ಲದಿದ್ದರೆ ಬಹಳ ಕಡಿಮೆ.

ಮಳೆಗಾಲಕ್ಕೆ ಮೊದಲು

ಮೇ ತಿಂಗಳ ಒಣ ದಿನವೊಂದರಲ್ಲಿ ಇಪ್ಪತ್ತು ಫೋಟೋ ತೆಗೆಯಿರಿ: ಎರಡೂ ಬದಿ ಪೂರ್ತಿ, ಪ್ರತಿ ಮುದ್ರೆ ಹತ್ತಿರದಿಂದ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಬಾಯಿ, ಬಟ್ಟಿನ ತಳ. ಸಡಿಲ ದೂಳನ್ನು ಮೆತ್ತನೆ ಬ್ರಷ್ಷಿನಲ್ಲಿ ಕೊಡವಿ, ಕಬ್ಬಿಣಕ್ಕೆ ತೆಳುವಾಗಿ ಹೊಲಿಗೆ ಯಂತ್ರದ ಎಣ್ಣೆಯಂಥ ಖನಿಜ ತೈಲ ಸವರಿ. ತೆಂಗಿನೆಣ್ಣೆ ಬೇಡವೇ ಬೇಡ. ಅದು ಕನರಿ ಹುಳಿಯಾಗಿ ಕಬ್ಬಿಣ ತಿನ್ನುತ್ತದೆ, ಲಾಕಿನೊಳಗೆ ಅಂಟಾಗಿ ಕೂರುತ್ತದೆ. ಚರ್ಮ ಅಥವಾ ರೆಕ್ಸಿನ್ ಚೀಲದೊಳಗಿಟ್ಟರೆ ತೇವ ಒಳಗೇ ಉಳಿಯುತ್ತದೆ. ಚಿರೇಕಲ್ಲಿನ ಗೋಡೆಗೆ ಒರಗಿಸಿದರೆ ಗೋಡೆ ಕುಡಿದ ನೀರನ್ನು ಮರ ಎಳೆದುಕೊಳ್ಳುತ್ತದೆ, ಜೊತೆಗೆ ಒರಲೆಗೆ ದಾರಿ. ಬೀಗವಿರುವ ಕಪಾಟಿನಲ್ಲಿ, ಗೋಡೆ ತಾಗದಂತೆ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಕರಾವಳಿಯಲ್ಲಿ ಹದಿನೈದು ದಿನಕ್ಕೊಮ್ಮೆ ಪೊಟ್ಟಣ ಬಿಸಿ ಮಾಡಿ ಒಣಗಿಸಬೇಕು, ಘಟ್ಟದ ಮೇಲೆ ಮರಕ್ಕೆ ಬೂಸ್ಟು ಬಂದಿದೆಯೇ ಎಂದೂ ನೋಡಬೇಕು. ಉಪ್ಪು ಹೊಕ್ಕ ಕಬ್ಬಿಣ ಎಣ್ಣೆಯ ಅಡಿಯಲ್ಲೂ ಬೆವರುತ್ತದೆ. ಸೆಪ್ಟೆಂಬರಿನಲ್ಲಿ ಅದೇ ಕೋನದಿಂದ ಮತ್ತೆ ಫೋಟೋ ತೆಗೆದು ಹೋಲಿಸಿ. ಕಿತ್ತಳೆ ಚುಕ್ಕೆ ಹೊಸದಾಗಿ ಕಂಡ ಕಡೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಹತ್ತಿ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಉಜ್ಜಬೇಡಿ.